ನನ್ನಾಳ ಮನೆ, ರೋಸಿಯ ಮನೆ

ಬಿ.ಎ. ಪತ್ರಿಕೋದ್ಯಮದ ಮಕ್ಕಳಿಗೆ ಈ ಸಲ ಧಾರಾವಾಹಿಯ ರಚನೆ ಹೇಳಿಕೊಡಬೇಕಿತ್ತು. ಒಂದೇ ಕಥೆಯ ಎರಡು ಅವತಾರ ಪಕ್ಕಪಕ್ಕ ಇದ್ದರೆ ಪಾಠ ಸಲೀಸು ಎಂದು ಡೇನಿಷ್ ‘ಫೊರ್‌ಬ್ರುಡೆಲ್ಸೆನ್’, ಅದರ ಅಮೆರಿಕನ್ ರೂಪ ‘ದಿ ಕಿಲ್ಲಿಂಗ್’ ಎರಡನ್ನೂ ರಜೆಯಲ್ಲಿ ಕೂತು ನೋಡಿ ಮುಗಿಸಿದೆ. ಬೋರ್ಡಿನ ಮೇಲೆ ‘ನನ್ನಾ ಕೊಲೆ’ ಅಂತ ಬರೆದ ಕೂಡಲೇ ಹಿಂದಿನ ಬೆಂಚು ಗೊಳ್ಳೆಂದಿತು. ಏನು ಮಾಡಲಿ, ಡೇನಿಷ್ ಕಥೆಯಲ್ಲಿ ಸತ್ತ ಹುಡುಗಿಯ ಹೆಸರೇ ನನ್ನಾ. ಅಮೆರಿಕದಲ್ಲಿ ಅವಳು ರೋಸಿ.

ಮೊದಲಿನದು 2007ರಲ್ಲಿ ಡೆನ್ಮಾರ್ಕಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಡಿಆರ್‌ನಲ್ಲಿ ಬಂತು; ಬರೆದವರು ಸೋರೆನ್ ಸ್ವೈಸ್ಟ್ರುಪ್. 20 ಸಂಚಿಕೆ, ಕಥೆಯಲ್ಲೂ 20 ದಿನ. ಎರಡನೆಯದು 2011ರಲ್ಲಿ ಎಎಂಸಿ ಕೇಬಲ್ ಚಾನೆಲ್‌ಗೆ ವೀಣಾ ಸೂದ್ ರೂಪಿಸಿದ್ದು. ಕೋಪನ್‌ಹೇಗನ್ ಹೋಗಿ ಸಿಯಾಟಲ್ ಆಯಿತು. ಎರಡಕ್ಕೂ ಸಂಗೀತ ಫ್ರಾನ್ಸ್ ಬಾಕ್ ಅವರದೇ.

ಎರಡರಲ್ಲೂ ಇರುವ ಒಂದು ದೃಶ್ಯವನ್ನೇ ತರಗತಿಯಲ್ಲಿ ಹಾಕಿದೆ. ನೀರಿನಿಂದ ಕಾರು ಮೇಲೆತ್ತಿದ್ದಾರೆ, ಅಪ್ಪ ಓಡಿ ಬಂದಿದ್ದಾನೆ, ಪೊಲೀಸರು ತಡೆದಿದ್ದಾರೆ. ಕೈಯಲ್ಲಿನ ಫೋನ್ ಕಟ್ ಆಗಿಲ್ಲ. ಆ ಕಡೆ ಅಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾಳೆ. ಯಾರೂ ಅವಳಿಗೆ ಸುದ್ದಿ ಹೇಳುವುದಿಲ್ಲ, ಗಂಡನ ಗಂಟಲೇ ಹೇಳಿಬಿಡುತ್ತದೆ. ಎರಡು ರೂಪದಲ್ಲೂ ನನಗೆ ಕಣ್ಣು ತುಂಬಿತು, ಇದರಲ್ಲಿ ತಾರತಮ್ಯ ಇಲ್ಲ.

ಆಮೇಲಿನದ್ದೇ ಬೇರೆ. ಡೇನಿಷ್ ಕಥೆ ಆ ಮನೆ ಬಿಟ್ಟು ಕದಲುವುದಿಲ್ಲ. ಅಪ್ಪನದು ಮನೆ ಸಾಮಾನು ಸಾಗಿಸುವ ಕಸುಬು. ಸೂತಕದ ಮನೆಯಲ್ಲೂ ಗಾಡಿ ಓಡಬೇಕು, ಆಂಟೋನ್, ಎಮಿಲ್ ಎಂಬ ಚಿಕ್ಕ ಹುಡುಗರಿಗೆ ಊಟ ಹಾಕಬೇಕು. ಡಿಆರ್ ಆಗ ನಡೆಯುತ್ತಿದ್ದದ್ದು ಜನ ಕಟ್ಟುವ ಲೈಸೆನ್ಸ್ ಶುಲ್ಕದಿಂದ, ನಮ್ಮಜ್ಜ ರೇಡಿಯೋಗೆ ಪೋಸ್ಟ್ ಆಫೀಸಿನಲ್ಲಿ ಕಟ್ಟುತ್ತಿದ್ದರಲ್ಲ, ಹಾಗೆ. ನಡುವೆ ಜಾಹೀರಾತಿಲ್ಲ. ಅಮ್ಮ ಸುಮ್ಮನೆ ಕೂತರೆ ಕ್ಯಾಮೆರಾನೂ ಕೂರುತ್ತದೆ. ಎಎಂಸಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಬ್ರೇಕ್ ಬರುವ ಲೆಕ್ಕ, ಅದಕ್ಕೆ ಮುಂಚೆ ಒಂದು ಕೊಕ್ಕೆ ಹಾಕಲೇಬೇಕು. ಹೊಸ ಶಂಕಿತ, ಹೊಸ ಸುಳ್ಳು, ಮೇಲೆ ಧೋ ಮಳೆ. ಸಿಯಾಟಲ್‌ನಲ್ಲಿ ಅಷ್ಟು ಮಳೆಯಾ? ಆಗುಂಬೆಯವರೂ ಸಾಕೆನ್ನಬೇಕು.

‘ರೋಸಿ ಲಾರ್ಸನ್‌ನ ಕೊಂದವರು ಯಾರು?’ ಎಂದೇ ಎಎಂಸಿ ಪ್ರಚಾರ ಮಾಡಿತ್ತು. 13 ಸಂಚಿಕೆ ಆದ ಮೇಲೂ ಹೇಳದೆ ಸೀಸನ್ ಮುಗಿಸಿದ್ದಕ್ಕೆ ಪ್ರೇಕ್ಷಕರು ಕೆಂಡವಾದರು. ಉತ್ತರ ಸಿಕ್ಕಿದ್ದು ಮರುವರ್ಷ, 26ನೆಯ ಸಂಚಿಕೆಗೆ. ‘ಡೆನ್ಮಾರ್ಕಿನವರೂ ಕಾಯಿಸಿದರಲ್ಲ ಮೇಡಂ, ಹತ್ತು ಸಂಚಿಕೆ ವಸಂತಕ್ಕೆ ಮೊದಲು, ಹತ್ತು ಶರತ್ಕಾಲದಲ್ಲಿ’ ಅಂತ ಒಬ್ಬಳು ಪಾಯಿಂಟ್ ಹಿಡಿದಳು. ಒಪ್ಪಿದೆ. ಆದರೆ ಅಲ್ಲಿ ನಿಲ್ಲಿಸಿದ್ದು ಕಥೆಯ ನಟ್ಟನಡುವೆ, ಇಲ್ಲಿ ಕೈತುತ್ತು ಬಾಯಿಗೆ ಬರುವಾಗ.

ಅಮೆರಿಕನ್ನರಿಗೆ ಒಂದು ವಿಷಯದಲ್ಲಿ ಪೂರ್ತಿ ಅಂಕ: ಹೋಲ್ಡರ್. ನಶೆಯ ಚಟ ಬಿಟ್ಟು ಬಂದ, ಜೋಲು ಪ್ಯಾಂಟಿನ, ಬಾಯಿಬಡುಕ ಪೊಲೀಸ್. ಜೋಯಲ್ ಕಿನ್ನಮನ್ ನಟನೆ. ಡೇನಿಷ್‌ನಲ್ಲಿ ಇವನ ಜಾಗದಲ್ಲಿರುವ ಪೊಲೀಸ್, ಮೇಯರ್ ಎಂಬ ಹೆಸರಿನವನು, ಇವನ ಮುಂದೆ ಸಪ್ಪೆ. ಮೊದಲ ಸೀಸನ್ನಿನ ಹನ್ನೊಂದನೇ ಸಂಚಿಕೆಯಲ್ಲಿ ಕೊಲೆಯ ತನಿಖೆ ಹೆಚ್ಚುಕಡಿಮೆ ನಿಂತೇಹೋಗಿ, ಅವನೂ ಅವನ ಜೊತೆಗೆ ತನಿಖೆ ಮಾಡುವ ಪೊಲೀಸ್ ಲಿಂಡನ್ನೂ ಅವಳ ಮಗನನ್ನು ಹುಡುಕುತ್ತ ದಿನವಿಡೀ ಕಾರಿನಲ್ಲಿ ಸುತ್ತುತ್ತಾರೆ. ತಮಾಷೆ ನೋಡಿ, ಇಡೀ ಸರಣಿಯಲ್ಲಿ ನನಗೆ ಹಿಡಿಸಿದ್ದು ಅದೇ.

ಡೇನಿಷ್ ಕಥೆಯ ತನಿಖಾಧಿಕಾರಿ ಸಾರಾ ಲುಂಡ್ ತೊಟ್ಟ ಫೇರೋ ದ್ವೀಪದ ಸ್ವೆಟರ್ ಬಗ್ಗೆ ಲೋಕವೇ ಬರೆದಿದೆ, ನಾನು ಬಿಟ್ಟೆ. ತೊಂದರೆ ಸಬ್‌ಟೈಟಲ್‌ನದು. ಇಂಗ್ಲಿಷ್ ಅಕ್ಷರ ಓಡುವ ವೇಗಕ್ಕೆ ಕನ್ನಡ ಮಾಧ್ಯಮದ ಮಕ್ಕಳು ಸೋಲುತ್ತಾರೆ, ನಾನೇ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತ ಹೋದೆ. ಕಲಿಸುವವರು ಡೇನಿಷ್‌ನಿಂದ ಶುರು ಮಾಡಿ, ಮೊದಲೆರಡು ಸಂಚಿಕೆ ಸಾಕು, ಆಮೇಲೆ ಅಮೆರಿಕನ್ ಹನ್ನೊಂದನೆಯದು ಹಾಕಿ.

ಅಂದಹಾಗೆ, ಎರಡರಲ್ಲಿ ಕೊಲೆಗಾರರು ಬೇರೆಬೇರೆ. ಮನೆಯಲ್ಲಿ ಒಂದನ್ನು ಪೂರ್ತಿ ನೋಡಿಕೊಂಡು ಬಂದು ಇನ್ನೊಂದರ ಗುಟ್ಟು ಒಡೆಯಲು ಎದ್ದು ನಿಂತ ಹುಡುಗ ಪೆಚ್ಚಾಗಿ ಕೂತ.