ಕ್ವಿಂಟಲಿಗೆ ಏಳು ಕೆಜಿ ಕಮ್ಮಿ

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ತೂಕದ ವಿಷಯದಲ್ಲಿ ನನ್ನನ್ನು ಯಾಮಾರಿಸೋದು ಕಷ್ಟ. ಡಬ್ಬಿ ಮೇಲೆ 1 ಟಿಬಿ, ಅಂದರೆ ಸಾವಿರ ಜಿಬಿ, ಅಂತ ಬರೆದಿದ್ದ ಹಾರ್ಡ್ ಡಿಸ್ಕನ್ನು (ಕಂಪ್ಯೂಟರ್ ಫೈಲುಗಳನ್ನು ತುಂಬಿಡುವ ಡಬ್ಬ) ಮನೆಗೆ ತಂದು ಹಾಕಿದರೆ 931 ಜಿಬಿ ತೋರಿಸಿತು. ಕ್ವಿಂಟಲಿಗೆ ಏಳು ಕೆಜಿ ಕಮ್ಮಿ! ಮೆಕ್ಕೆಜೋಳದಲ್ಲಿ ಹೀಗಾದರೆ ರೈತ ಸುಮ್ನೆ ಬಿಡ್ತಾನಾ?

ಮರುದಿನ ಡಿಸ್ಕ್ ಹಿಡಿದು ಅದನ್ನು ಕೊಂಡಿದ್ದ ಅಶೋಕ ರಸ್ತೆ ಕಡೆಯ ಮಹಡಿ ಮೇಲಿನ ಕಂಪ್ಯೂಟರ್ ಅಂಗಡಿಗೆ ಮತ್ತೆ ಹೋದೆ. ಮೆಟ್ಟಿಲು ಬಲು ಕಡಿದು, ಮಂಡಿ ನೋವಿದ್ದವರು ಮಕ್ಕಳನ್ನು ಕಳಿಸಿ. ನನ್ನ ಜೋರು ದನಿಗೆ ಅಲ್ಲಿನ ಹುಡುಗ ಸಿಟ್ಟಾಗಲಿಲ್ಲ. "ಕೂತ್ಕೊಳ್ಳಿ ಅಣ್ಣ" ಅಂತ ಸ್ಟೂಲ್ ಎಳೆದು, ಕ್ಯಾಲ್ಕುಲೇಟರನ್ನು ನನ್ನ ಕೈಗೇ ಕೊಟ್ಟ. "ಒಂದರ ಮುಂದೆ ಹನ್ನೆರಡು ಸೊನ್ನೆ ಒತ್ತಿ." ಒತ್ತಿದೆ. ಕೊನೇ ಸೊನ್ನೆ ಹಿಡಿಸಲಿಲ್ಲ, ಅದರಲ್ಲಿರೋದೇ ಹನ್ನೆರಡು ಅಂಕಿ. ಆಮೇಲೆ ಮೊಬೈಲಿನಲ್ಲಿ ಮಾಡಿದ್ವಿ. 1024ರಿಂದ ಒಂದು ಸಲ ಭಾಗಿಸು, ಇನ್ನೊಂದು ಸಲ, ಮತ್ತೊಂದು ಸಲ. 931.32.

ಡಿಸ್ಕ್ ಮಾಡುವವರದ್ದು ಸಾವಿರದ ಲೆಕ್ಕ. ಅವರಿಗೆ ಟೆರಾ (ಟಿಬಿಯ ಟಿ) ಅಂದರೆ ಒಂದು ಲಕ್ಷ ಕೋಟಿ ಬೈಟ್; ಬೈಟ್ ಅನ್ನೋದು ಮಾಹಿತಿ ಅಳೆಯುವ ಚಿಕ್ಕ ಅಳತೆ. ಕಂಪ್ಯೂಟರ್ ನಡೆಸುವ ವಿಂಡೋಸ್ ಎಣಿಸೋದು 1024ರಲ್ಲಿ, ಅಂದರೆ ಹತ್ತು ಎರಡುಗಳನ್ನು ಗುಣಿಸಿದರೆ ಬರುವಷ್ಟು. ಕೆಬಿಯಲ್ಲಿ ಈ ವ್ಯತ್ಯಾಸ ಸಾವಿರಕ್ಕೆ ಬರೀ 24. ಎಂಬಿ, ಜಿಬಿ ಅಂತ ಮೇಲೆ ಹೋದ ಹಾಗೆ ಬಡ್ಡಿಗೆ ಬಡ್ಡಿ ಸೇರಿದಂತೆ ಬೆಳೆಯುತ್ತೆ. ಮಂಡಕ್ಕಿಯನ್ನು ದೊಡ್ಡ ಸೇರಿನಲ್ಲಿ ಅಳೆದರೆ ಎಣಿಕೆ ಕಮ್ಮಿ ಬರುತ್ತೆ, ಚೀಲದೊಳಗಿನ ಮಂಡಕ್ಕಿ ಅಷ್ಟೇ ಇರುತ್ತೆ ಅಲ್ವಾ, ಹಾಗೆ. 1024ರ ಲೆಕ್ಕಕ್ಕೆ ಗಿಬಿಬೈಟ್ ಅಂತ ಬೇರೆ ಹೆಸರನ್ನು 1998ರಲ್ಲೇ ಕೊಟ್ಟಿದ್ದಾರೆ. ವಿಂಡೋಸ್ ಮಾತ್ರ ಇವತ್ತಿಗೂ ಜಿಬಿ ಅಂತಲೇ ಬರೆಯುತ್ತೆ. ಒಂದೇ ಹೆಸರಲ್ಲಿ ಎರಡು ಥರದ ತೂಕದ ಕಲ್ಲು ಇಟ್ಟುಕೊಂಡರೆ ನಮ್ಮಲ್ಲಿ ಕೇಸ್ ಬೀಳುತ್ತೆ!

ಸಿಟ್ಟು ಇಳಿದ ಮೇಲೆ ಮಗಳ ಲ್ಯಾಪ್‌ಟಾಪ್ ವಿಷಯ ತೆಗೆದೆ. ಬೇರೊಂದು ದೊಡ್ಡ ಶೋರೂಮಿನಲ್ಲಿ "ಇದು 3.6 ಗಿಗಾಹರ್ಟ್ಸ್ ಸರ್, ನಿಮ್ಮ ಹಳೇದು 2.4. ಒಂದೂವರೆ ಪಟ್ಟು ಸ್ಪೀಡ್" ಅಂದಿದ್ದರು. ಹುಡುಗ ನಕ್ಕ. ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ, ಅಷ್ಟೇ. ಒಂದು ಮಿಡಿತಕ್ಕೆ ಎಷ್ಟು ಕೆಲಸ ಅನ್ನೋದು ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಚಿಪ್ಪಿನ ಮೇಲೆ ಹೋಗುತ್ತೆ. ನಮ್ಮ ಹಮಾಲರನ್ನೇ ನೋಡಿ. ಒಬ್ಬ ಓಡಿ ಓಡಿ ಅರ್ಧ ಚೀಲ ಹೊರುತ್ತಾನೆ, ಇನ್ನೊಬ್ಬ ನಿಧಾನಕ್ಕೆ ಪೂರ್ತಿ ಚೀಲ. ಪ್ರೊಸೆಸರ್ ಒಳಗೆ ಕೋರ್ ಎಷ್ಟಿವೆ ಅನ್ನೋದು ಹಮಾಲರ ಸಂಖ್ಯೆ. ಆ 3.6 ಕೂಡ ಸ್ವಲ್ಪ ಹೊತ್ತು ದಮ್ಮು ಕಟ್ಟಿ ಓಡುವ ಟರ್ಬೊ ವೇಗವಂತೆ, ಇಡೀ ದಿನದ್ದಲ್ಲ.

"ಹೊಸದು ಬೇಡ ಅಣ್ಣ, ಹಮಾಲರು ಸರಿಯಾಗೇ ಇದ್ದಾರೆ, ಗೋಡೌನ್ ಬಾಗಿಲೇ ಚಿಕ್ಕದು" ಅಂದ. ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ಚುರುಕಾದ 256 ಜಿಬಿ ಎಸ್‌ಎಸ್‌ಡಿ ಹಾಕಿದ, ಕೆಲಸದ ಹೊತ್ತಲ್ಲಿ ಬಳಸುವ ಮೆಮೊರಿ, ಅಂದರೆ 4 ಜಿಬಿ ರ‍್ಯಾಮ್ ಇದ್ದದ್ದನ್ನು 8 ಮಾಡಿದ. ಮುಂಚೆ ಸ್ವಿಚ್ ಹಾಕಿ ಚಹಾ ಕುಡಿದು ಬರಬಹುದಿತ್ತು. ಈಗ ಲೋಟ ಎತ್ತೋದರೊಳಗೆ ಆನ್ ಆಗಿರುತ್ತೆ. 238 ಜಿಬಿ ಅಂತ ತೋರಿಸಿದಾಗ ಮಗಳಿಗೆ ನಾನೇ ಲೆಕ್ಕ ಬಿಡಿಸಿ ತೋರಿಸಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ!

ಇನ್ನು ದೂರುಗಳು. ನಾಳೆ ಅಂದದ್ದು ಮೂರು ದಿನ ಆಯಿತು. ಫೋನ್ ಎತ್ತೋದೇ ಇಲ್ಲ. ಬಿಲ್ ಕೇಳಿದರೆ ಮಾತ್ರ ಕೊಡ್ತಾರೆ, ವಾರಂಟಿಗೆ ಅದು ಬೇಕೇ ಬೇಕು, ಕೇಳಿ ಇಸ್ಕೊಳ್ಳಿ. ಸಂಜೆ ತುಂಬಾ ರಶ್. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಹುಡುಗ ಪುರುಸೊತ್ತಾಗಿ ಮಾತಿಗೆ ಸಿಗ್ತಾನೆ.