ಮನೆ ಸರ್ವರ್ ಅಪ್‌ಗ್ರೇಡ್: ಆ ಒಂದು ಕಮಾಂಡ್ ಮಾತ್ರ ಹೊಡೆಯಬೇಡಿ

ಶನಿವಾರ ರಾತ್ರಿ ಊಟ ಮುಗಿಸಿ, ಅರ್ಧ ಗಂಟೆ ಕೆಲಸ ಅಂದುಕೊಂಡು ಮನೆ ಸರ್ವರ್‌ನ ವರ್ಚುವಲೈಸೇಷನ್ ಸಾಫ್ಟ್‌ವೇರ್ (ಒಂದೇ ಯಂತ್ರದಲ್ಲಿ ಹಲವು ಸಿಸ್ಟಮ್‌ಗಳನ್ನು ಓಡಿಸುವಂಥದ್ದು) ಅಪ್‌ಗ್ರೇಡ್ ಮಾಡಲು ಕೂತೆ. ಎದ್ದಾಗ ಹಾಲಿನವನು ಬಂದಿದ್ದ.

ಮೊದಲು ಹೋಗಿದ್ದು ನೆಟ್‌ವರ್ಕ್. ರೀಬೂಟ್ ಆಯಿತು, ಬ್ರೌಸರ್‌ನಲ್ಲಿ ಪುಟ ತೆರೆಯಲಿಲ್ಲ. ಅಟ್ಟದಿಂದ ಮಾನಿಟರ್ ಇಳಿಸಿ ಜೋಡಿಸಿದರೆ, ಯಂತ್ರ ಆರಾಮಾಗಿ ಓಡುತ್ತಿದೆ! ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡಿಗೆ ಸಿಸ್ಟಮ್ ಕೊಡುವ ಹೆಸರು ಬದಲಾಗಿತ್ತು, ಅಷ್ಟೇ. ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಬಂದ ಮೇಲೆ ಹೆಸರಿನ ಕೊನೆಗೆ 'ಎನ್‌ಪಿ0' ಅಂತ ಬಾಲ ಸೇರಿತ್ತು. ಸರ್ವರ್ ಒಳಗಿನ ಸಿಸ್ಟಮ್‌ಗಳನ್ನು ಆ ಕಾರ್ಡಿಗೆ ಜೋಡಿಸುವ ಬ್ರಿಡ್ಜ್ ಹಳೆ ಹೆಸರನ್ನೇ ಹುಡುಕುತ್ತಾ ಕೂತಿತ್ತು. ಒಂದು ಸಾಲು ತಿದ್ದಿದರೆ ಮುಗಿಯಿತು, ಆದರೆ ಅದು ಹೊಳೆಯುವಷ್ಟರಲ್ಲಿ 12 ಗಂಟೆ. ಮನೆಯ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಕೂಡ ಅದೇ ಸರ್ವರ್‌ನಲ್ಲಿ, ಅದಿಲ್ಲದಿದ್ದರೆ ಇಂಟರ್ನೆಟ್ ಇಲ್ಲ. ಮಾವನವರ ಧಾರಾವಾಹಿ ಅರ್ಧಕ್ಕೆ ನಿಂತಾಗ ನಾನು ಕೇಳಿದ ಮಾತು ಇಲ್ಲಿ ಬೇಡ.

ಅಲ್ಲಿಗೇ ನಿಲ್ಲಿಸಿದ್ದರೆ ಬಚಾವ್ ಆಗುತ್ತಿದ್ದೆ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನ ಪೂಲಿನ (ಡಿಸ್ಕ್‌ಗಳ ಗುಂಪಿನ) ಸ್ಟೇಟಸ್ ನೋಡಿದಾಗ, 'ಹೊಸ ಫೀಚರ್‌ಗಳಿವೆ, ಆನ್ ಮಾಡಿಲ್ಲ' ಎಂಬ ಸೂಚನೆ ಇತ್ತು. ಅದು ದೋಷವೇ ಅಲ್ಲ. ಆದರೂ ಕಣ್ಣಿಗೆ ಕಿರಿಕಿರಿ ಅಂತ ಸುಮ್ನೆ ಆ ಫೀಚರ್‌ಗಳನ್ನು ಆನ್ ಮಾಡುವ 'ಝಡ್‌ಪೂಲ್ ಅಪ್‌ಗ್ರೇಡ್' ಕಮಾಂಡ್ ಹೊಡೆದುಬಿಟ್ಟೆ.

ಆಮೇಲೆ ನೋಡಿದರೆ, ಅಂಗಡಿ ಲೆಕ್ಕ ಇಟ್ಟಿದ್ದ ಸೆಂಟ್‌ಒಎಸ್ 7 (ಹಳೆಯ ಲಿನಕ್ಸ್) ಕಂಟೇನರ್, ಅಂದರೆ ಸರ್ವರ್‌ನೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ಸಿಸ್ಟಮ್, ಏಳುತ್ತಲೇ ಇಲ್ಲ. ಅದರೊಳಗೆ ಎಲ್ಲವನ್ನೂ ಶುರು ಮಾಡುವ ಸಿಸ್ಟಮ್‌ಡಿ ಎಂಬ ಪ್ರೋಗ್ರಾಂ ಇರುವುದು 219ನೇ ಆವೃತ್ತಿ. ವರ್ಚುವಲೈಸೇಷನ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯಲ್ಲಿ ಉಳಿದಿರುವುದು ಸಿಗ್ರೂಪ್ (ಸಿಪಿಯು, ಮೆಮೊರಿ ಹಂಚುವ ವ್ಯವಸ್ಥೆ) 2 ಒಂದೇ, ಅದಕ್ಕೆ ಇದಕ್ಕಿಂತ ಹೊಸ ಸಿಸ್ಟಮ್‌ಡಿ ಬೇಕು. ಸರಿ, ಹಳೆ ಆವೃತ್ತಿಗೇ ಮರಳೋಣ ಅಂದರೆ ಅದರಲ್ಲಿದ್ದ ಹಳೆಯ ಝಡ್‌ಎಫ್‌ಎಸ್, ಈಗ ಏರಿಸಿದ್ದ ಪೂಲನ್ನು ಇಂಪೋರ್ಟ್ ಮಾಡಲು (ತೆರೆಯಲು) ಒಪ್ಪಲಿಲ್ಲ. ಒಮ್ಮೆ ಏರಿಸಿದ ಪೂಲನ್ನು ಇಳಿಸಲು ಬರುವುದಿಲ್ಲ. ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಯ ನಕಲು) ಇತ್ತಲ್ವಾ ಅಂತೀರಾ? ಇತ್ತು, ಅದೇ ಪೂಲಿನೊಳಗೆ.

ಇಷ್ಟೆಲ್ಲ ಆಗಿ ಸಿಕ್ಕಿದ್ದೇನು? ನನ್ನ ಬಳಕೆಗೆ, ಪರದೆಯಲ್ಲಿ ನಾಲ್ಕು ಬಟನ್ ಆಚೀಚೆ ಆಗಿವೆ. ಸಿಗ್ರೂಪ್ ವಿಷಯ ಬಿಡುಗಡೆ ಟಿಪ್ಪಣಿಯಲ್ಲೇ ಇತ್ತು, ನಾನು ಓದಿರಲಿಲ್ಲ, ಒಪ್ಪುತ್ತೇನೆ. ನೀವು ಕೈ ಹಾಕುವ ಮೊದಲು ಪ್ರತಿ ಕಂಟೇನರ್‌ನ ಬ್ಯಾಕಪ್ ಬೇರೆ ಡಿಸ್ಕಿಗೆ ತೆಗೆಯಿರಿ, ಆ ಡಿಸ್ಕನ್ನು ಕಳಚಿ ಪಕ್ಕಕ್ಕಿಡಿ. ಕಾರ್ಡಿನ ಹೆಸರು, ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ) ಚೀಟಿಯಲ್ಲಿ ಬರೆದುಕೊಳ್ಳಿ. ರೂಟರ್‌ನಲ್ಲಿ ಎರಡನೇ ಡಿಎನ್‌ಎಸ್ ಹಾಕಿಡಿ, ಮನೆಯವರ ಬಾಯಿಗೆ ಬೀಳುವುದಾದರೂ ತಪ್ಪುತ್ತದೆ. ಪೂಲಿನ ಸೂಚನೆ ಇದ್ದರೆ ಇರಲಿ ಬಿಡಿ. ಕಡೇಪಕ್ಷ ಒಂದು ತಿಂಗಳು ಎಲ್ಲವೂ ಸರಿಯಾಗಿ ಓಡಲಿ.

ಕಂಟೇನರ್‌ನ ಫೈಲುಗಳು ಹೇಗೋ ಕೈಗೆ ಸಿಕ್ಕಿವೆ. ಎರಡು ವರ್ಷದ ಲೆಕ್ಕವನ್ನು ಹೊಸ ಕಂಟೇನರ್‌ಗೆ ಸಾಗಿಸುತ್ತಿದ್ದೇನೆ, ಇವತ್ತು ಐದನೇ ಸಂಜೆ.