ಅಗ್ಗದ ಬ್ಯಾಂಡ್‌ಸಾ ಕೊಳ್ಳುವ ಮೊದಲು ಬ್ಲೇಡ್ ಎಲ್ಲಿ ಸಿಗುತ್ತದೆ ಅಂತ ಕೇಳಿ

ಎಡಗೈ ತೋರುಬೆರಳಿಗೆ 4 ಹೊಲಿಗೆ ಬಿದ್ದು ಇವತ್ತಿಗೆ 6 ವಾರ. ಉಗುರಿನ ಪಕ್ಕ ಮುಟ್ಟಿದರೆ ಈಗಲೂ ಸರಿಯಾಗಿ ಗೊತ್ತಾಗುವುದಿಲ್ಲ. ಮನೆಯಲ್ಲೇ ಮರಗೆಲಸ ಮಾಡಲು ಚಿಕ್ಕ ಬ್ಯಾಂಡ್‌ಸಾ (ಎರಡು ಚಕ್ರಗಳ ಮೇಲೆ ಪಟ್ಟಿಯ ಹಾಗೆ ಸುತ್ತುವ ಬ್ಲೇಡಿನಿಂದ ಮರ ಕೊಯ್ಯುವ ಮಶೀನು) ನೋಡುತ್ತಿದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ.

ನಾನಿರುವುದು ಸಾಗರದ ಹತ್ತಿರ. ಹೊಟ್ಟೆಪಾಡಿನ ಕೆಲಸ ಬೇರೆ, ಮರಗೆಲಸ ಭಾನುವಾರದ ಪ್ರೀತಿ. ಮಣೆ, ಚಿಕ್ಕ ಸ್ಟೂಲು, ಮಗಳಿಗೆ ಎಳೆಯುವ ಗಾಡಿ, ಹೀಗೆ. ಹಲಸಿನ ಹಲಗೆಯನ್ನು ಕೈಗರಗಸದಲ್ಲಿ ಉದ್ದಕ್ಕೆ ಸೀಳಿ ಸೀಳಿ ರಟ್ಟೆ ಬಿದ್ದುಹೋಗುತ್ತಿತ್ತು. ಆನ್‌ಲೈನ್‌ನಲ್ಲಿ 16 ಸಾವಿರಕ್ಕೆ 8 ಇಂಚಿನ ಬ್ಯಾಂಡ್‌ಸಾ ಕಂಡಿತು. 8 ಇಂಚು ಅಂದರೆ ಬ್ಲೇಡ್ ಸುತ್ತುವ ಚಕ್ರದ ವ್ಯಾಸ. ಫೋನ್ ಮಾಡಿ ಕೇಳಿದ್ದು ಒಂದೇ ಮಾತು, ಹಲಸು ಕೊಯ್ಯುತ್ತಾ ಅಂತ. "ಧಾರಾಳವಾಗಿ ಕೊಯ್ಯುತ್ತೆ ಸಾರ್" ಅಂದರು. ಬ್ಲೇಡ್ ಬಗ್ಗೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ತಿಂಗಳು ಚೆನ್ನಾಗಿಯೇ ಓಡಿತು. ಟೇಬಲ್ ಸ್ವಲ್ಪ ವಾಲಿತ್ತು, ಮೂಲೆಮಟ್ಟ ಇಟ್ಟು ಸರಿ ಮಾಡಿಕೊಂಡೆ. ಆಮೇಲೆ ಬ್ಲೇಡ್ ಮೊಂಡಾಯಿತು. ಗೆರೆ ಬಿಟ್ಟು ಪಕ್ಕಕ್ಕೆ ಹೋಗುವುದು, ಕೊಯ್ದ ಜಾಗ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುವುದು ಶುರುವಾಯಿತು. ಹೊಸ ಬ್ಲೇಡ್ ತರೋಣ ಅಂತ ಹೋದರೆ ನಮ್ಮ ಕಡೆ ಯಾವ ಅಂಗಡಿಯಲ್ಲೂ ಇಲ್ಲ. ನನ್ನ ಮಶೀನಿಗೆ ಬೇಕಾದದ್ದು 1,400 ಮಿ.ಮೀ. ಉದ್ದದ, 6 ಮಿ.ಮೀ. ಅಗಲದ ತೆಳು ಬ್ಲೇಡ್. ಮಾರಿದವರು "ಸ್ಟಾಕ್ ಇಲ್ಲ ಸಾರ್, ಬಂದರೆ ಹೇಳ್ತೀವಿ" ಅಂದವರು ಆಮೇಲೆ ಫೋನೇ ಎತ್ತಲಿಲ್ಲ.

ಕೊನೆಗೆ ಸಾಮಿಲ್‌ಗಳಿಗೆ ಬ್ಲೇಡ್ ವೆಲ್ಡ್ ಮಾಡಿಕೊಡುವ ಒಂದು ಕಡೆ ಅಳತೆ ಕೊಟ್ಟು ಮಾಡಿಸಿಕೊಂಡೆ. ಉದ್ದ ಸರಿಯಾಗಿತ್ತು. ದಪ್ಪ ಮಾತ್ರ 0.65 ಮಿ.ಮೀ. ಇತ್ತು. ದಪ್ಪ ಇದ್ದರೆ ಗಟ್ಟಿ, ಒಳ್ಳೆಯದೇ ಅಲ್ವಾ ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ.

ಬ್ಲೇಡಿನ ದಪ್ಪ ಚಕ್ರದ ವ್ಯಾಸಕ್ಕೆ ಹೊಂದಬೇಕು. ವ್ಯಾಸದ ಸಾವಿರದಲ್ಲಿ ಒಂದು ಭಾಗ ಅನ್ನುವುದು ಹಳೆಯ ಲೆಕ್ಕ. ನನ್ನ 200 ಮಿ.ಮೀ. ಚಕ್ರಕ್ಕೆ ಅದು 0.2 ಮಿ.ಮೀ. ಆಗುತ್ತದೆ. ಆದರೂ ಇಂಥ ಚಿಕ್ಕ ಮಶೀನಿಗೆ ಸಾಮಾನ್ಯವಾಗಿ 0.35 ಮಿ.ಮೀ. ಆಸುಪಾಸಿನದು ಹಾಕುತ್ತಾರೆ. ನಿಮಿಷಕ್ಕೆ 1,400 ಸುತ್ತು ತಿರುಗುವ ಚಕ್ರದ ಮೇಲೆ ಬ್ಲೇಡ್ ಒಂದು ನಿಮಿಷದಲ್ಲಿ 600ಕ್ಕೂ ಜಾಸ್ತಿ ಸಲ ಪೂರ್ತಿ ಸುತ್ತು ಬರುತ್ತದೆ. ಒಂದೊಂದು ಸುತ್ತಿಗೂ ಎರಡು ಚಕ್ರದ ಮೇಲೆ ಬಗ್ಗಿ ಮತ್ತೆ ನೇರವಾಗಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ತುಂಡಾಗುವುದಿಲ್ಲವೇ, ಹಾಗೆಯೇ ದಪ್ಪ ಬ್ಲೇಡ್ ಬೇಗ ಬಿರುಕು ಬಿಡುತ್ತದೆ.

ಆ ಭಾನುವಾರ ಗಾಡಿಗೆ ಚಕ್ರ ಮಾಡಲು ಒಂದು ದುಂಡು ಕೊಂಬೆಯಿಂದ ಬಿಲ್ಲೆ ಕೊಯ್ಯುತ್ತಿದ್ದೆ. ಎರಡು ಬಿಲ್ಲೆ ಬಂದವು. ಮಶೀನಿನಿಂದ ಒಂದೇ ಸಮನೆ ಟಕಟಕ ಅಂತ ಸಣ್ಣ ಸದ್ದು ಬರುತ್ತಿತ್ತು. ಬೇರಿಂಗ್ ಇರಬೇಕು, ಆಮೇಲೆ ನೋಡಿದರಾಯಿತು ಅಂತ ಸುಮ್ಮನಾದೆ. ಅದು ಬಿರುಕು ಬಿಟ್ಟ ಜಾಗ ಗೈಡ್ (ಬ್ಲೇಡ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಭಾಗ) ದಾಟುವಾಗ ಬರುವ ಸದ್ದು. ಮೂರನೇ ಬಿಲ್ಲೆಗೆ ಕೊಂಬೆಯನ್ನು ಬರಿಗೈಯಲ್ಲಿ ಹಿಡಿದು ಒತ್ತಿದೆ. ಹಲ್ಲು ಕಚ್ಚಿತು, ಕೊಂಬೆ ಗಿರ್ರನೆ ನನ್ನ ಕೈಯಲ್ಲೇ ಉರುಳಿ ಬೆರಳನ್ನು ಒಳಕ್ಕೆ ಎಳೆಯಿತು. ಅದೇ ಕ್ಷಣ ಬ್ಲೇಡ್ ಫಟ್ ಅಂತ ತುಂಡಾಯಿತು. ಮರದ ಹೊಟ್ಟಿನ ಮೇಲೆ ರಕ್ತ ಬಿದ್ದ ಮೇಲೆಯೇ ಬೆರಳು ಕೊಯ್ದದ್ದು ತಿಳಿದದ್ದು. ಬಾಗಿಲಲ್ಲಿ ನಿಂತಿದ್ದ ಮಗಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಪಕ್ಕದ ಬೀದಿಯ ಹಿರಿಯ ಆಚಾರ್ರು ಮರುದಿನ ಬಂದು ತುಂಡಾದ ಬ್ಲೇಡ್ ಹಿಡಿದು ನೋಡಿದರು. ವೆಲ್ಡ್ ಪಕ್ಕದಲ್ಲಿ ಅರ್ಧ ಅಗಲ ಕಪ್ಪಗಿತ್ತು, ಇನ್ನರ್ಧ ಬೆಳ್ಳಗೆ ಹೊಳೆಯುತ್ತಿತ್ತು. "ಮಾರಾಯ, ಕಪ್ಪಗಿರೋದು ಮೊದಲೇ ಬಿಟ್ಟಿದ್ದು. ನಿನ್ನೆ ಹೋಗಿದ್ದು ಬೆಳ್ಳಗಿರೋದು ಮಾತ್ರ" ಅಂದರು. ದುಂಡು ಮರವನ್ನು ಯಾವತ್ತೂ ಹಾಗೇ ಕೊಡಬಾರದು ಅಂತ, ಒಂದು ದಪ್ಪ ರೀಪಿನಲ್ಲಿ ಇಂಗ್ಲಿಷಿನ ವಿ ಆಕಾರದ ತೋಡು ತೆಗೆದುಕೊಟ್ಟರು. ಕೊಂಬೆಯನ್ನು ಅದರಲ್ಲಿ ಕೂರಿಸಿ, ಸ್ಕ್ರೂ ಹಾಕಿ ಹಿಡಿಸಿ, ರೀಪಿನ ಸಮೇತ ತಳ್ಳಬೇಕು. ಬ್ಯಾಂಡ್‌ಸಾ ಮರವನ್ನು ಟೇಬಲಿನ ಕಡೆಗೇ ಒತ್ತುವುದರಿಂದ ಹಿಂದಕ್ಕೆ ಎಸೆಯುವ ಭಯ ಕಡಿಮೆ ಅಂತ ನಾನು ಧೈರ್ಯವಾಗಿದ್ದೆ. ಆ ಮಾತು ಚಪ್ಪಟೆ ಹಲಗೆಗೆ ಸರಿ. ದುಂಡು ಮರಕ್ಕೆ ಅದೇ ಒತ್ತಡ ಉರುಳಿಸುವ ಬಲವಾಗುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಬ್ಲೇಡಿನ ಉದ್ದ, ಅಗಲ, ದಪ್ಪ ಮೂರನ್ನೂ ಬರೆಸಿಕೊಳ್ಳಿ. ಆ ಅಳತೆಯ ಬ್ಲೇಡ್ ಬೇರೆ ಕಡೆಯೂ ಸಿಗುತ್ತದೆಯೇ ಅಂತ ನೀವೇ ವಿಚಾರಿಸಿ, ಸಿಕ್ಕರೆ ಮಶೀನಿನ ಜೊತೆಗೇ 3 ತರಿಸಿ. ಸಿಗದಿದ್ದರೆ ಆ ಮಶೀನು ಎಷ್ಟೇ ಅಗ್ಗವಿದ್ದರೂ ಬೇಡ.

ನಾನು ಸರಿಯಾದ ತೆಳು ಬ್ಲೇಡನ್ನು 20 ದಿನ ಕಾದು ತರಿಸಿಕೊಂಡೆ. ಈಗ ಕೆಲಸ ಮುಗಿದ ಕೂಡಲೇ ಬ್ಲೇಡಿನ ಬಿಗಿತ (ಟೆನ್ಷನ್) ಸಡಿಲ ಮಾಡುತ್ತೇನೆ. ಮೇಲಿನ ಗೈಡನ್ನು ಮರಕ್ಕೆ ತಾಗದಂತೆ ಆದಷ್ಟು ಹತ್ತಿರಕ್ಕೆ ಇಳಿಸುತ್ತೇನೆ, ಇಲ್ಲದಿದ್ದರೆ ಬೆರಳು ಹೋಗುವಷ್ಟು ಬ್ಲೇಡ್ ಸುಮ್ನೆ ಬಯಲಿಗೆ ಬಿದ್ದಿರುತ್ತದೆ. ಪ್ರತಿ ಸಲ ಶುರು ಮಾಡುವ ಮೊದಲು ಪ್ಲಗ್ ಕಿತ್ತು, ಬಾಗಿಲು ತೆಗೆದು, ಚಕ್ರವನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ ಟಾರ್ಚ್ ಹಿಡಿದು ಬ್ಲೇಡನ್ನು ಪೂರ್ತಿ ನೋಡುತ್ತೇನೆ. ವೆಲ್ಡ್ ಹತ್ತಿರ, ಹಲ್ಲುಗಳ ಸಂದಿಯಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಆ ಬ್ಲೇಡ್ ಬಿಚ್ಚಿ ಎಸೆಯಿರಿ. ಟಕಟಕ ಸದ್ದು ಕೇಳಿದರೆ ಕೊಯ್ಯುವುದು ಅರ್ಧಕ್ಕೇ ಇರಲಿ, ಮೊದಲು ಸ್ವಿಚ್ ಆರಿಸಿ.